ಎಪಾಕ್ಸಿ ರಿಪೇರಿ ಕಿಟ್: ಸಾಮಾನು ಚೆನ್ನಾಗಿದೆ, ನಾನು ತಂದಿದ್ದು ಎರಡು ವರ್ಷ ತಡವಾಗಿ

ಬೋಟ್ ರಿಪೇರಿಗೆ ಅಂತ ಸಿಗುವ ಚಿಕ್ಕ ಎಪಾಕ್ಸಿ ಕಿಟ್ ಬಗ್ಗೆ ಬರೆಯುತ್ತಿದ್ದೇನೆ. ಎಪಾಕ್ಸಿ ಅಂದರೆ ರೆಸಿನ್, ಹಾರ್ಡ್‌ನರ್ ಅಂತ ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು. ಡಬ್ಬದಲ್ಲಿ ಒಂದು ಬಾಟಲಿ ರೆಸಿನ್, ಅದಕ್ಕಿಂತ ಚಿಕ್ಕ ಬಾಟಲಿಯಲ್ಲಿ ಹಾರ್ಡ್‌ನರ್, ಎರಡಕ್ಕೂ ಒಂದೊಂದು ಪಂಪ್, ಮಿಶ್ರಣ ಮಂದ ಮಾಡಿಕೊಳ್ಳಲು ಒಂದು ಪುಡಿ, ಒಂದು ತುಂಡು ಗ್ಲಾಸ್ ಬಟ್ಟೆ (ಗಾಜಿನ ಎಳೆಯಲ್ಲಿ ನೇಯ್ದದ್ದು), ಎರಡು ಸಿರಿಂಜ್, ಗ್ಲೌಸ್ ಇರುತ್ತವೆ. ಕಂಪನಿ ಹೆಸರು ಹಾಕಿಲ್ಲ, ಯಾಕಂದ್ರೆ ಮುಂದೆ ಒಂದೆರಡು ಕಡೆ ಬೈದಿದ್ದೇನೆ, ಮತ್ತೆ ಈ ಜಾತಿಯ ಕಿಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ.

ಮೊದಲು ನನ್ನ ಕಥೆ. ನನ್ನದು ಹದಿನಾರು ಅಡಿಯ ಫೈಬರ್ ಬೋಟ್, ಹಿಂದೆ ಔಟ್‌ಬೋರ್ಡ್ ಎಂಜಿನ್. ಮೀನು ನೋಡುವ ಸೋನಾರ್‌ನ ಸೆನ್ಸರ್ ಒಂದು ಹಿಂಬದಿಯಲ್ಲಿತ್ತು, ಅದು ಕೆಟ್ಟಿತು, ಬಿಚ್ಚಿ ಬಿಸಾಕಿದೆ. ಅದನ್ನು ಕೂರಿಸಿದ್ದ ನಾಲ್ಕು ಸ್ಕ್ರೂ ತೂತು ಉಳಿಯಿತು. ಪೆನ್ಸಿಲ್ ಕಡ್ಡಿಯಷ್ಟೂ ದಪ್ಪ ಇಲ್ಲದ ತೂತುಗಳು, ನೀರಿನ ಮಟ್ಟಕ್ಕಿಂತ ಕೆಳಗೆ. ಕೈಗೆ ಸಿಕ್ಕ ಸಿಲಿಕಾನ್ ಮೆತ್ತಿದೆ, 'ಆಮೇಲೆ ಸರಿಯಾಗಿ ಮುಚ್ಚೋಣ' ಅಂದುಕೊಂಡೆ. ಆ ಆಮೇಲೆ ಬಂದಿದ್ದು ಎರಡು ವರ್ಷ ಬಿಟ್ಟು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಎಂಜಿನ್ ತೂಗುವ ಆ ಹಿಂಬದಿ ಗೋಡೆಗೆ ಟ್ರಾನ್ಸಮ್ ಅಂತಾರೆ. ಹೊರಗಿನಿಂದ ನೋಡಿದರೆ ಪೂರ್ತಿ ಫೈಬರ್. ಆದರೆ ಬಹಳಷ್ಟು ಬೋಟ್‌ಗಳಲ್ಲಿ ಎರಡು ಫೈಬರ್ ಪದರದ ಮಧ್ಯೆ ಪ್ಲೈವುಡ್ ಇರುತ್ತದೆ. ಎಂಜಿನ್ ಭಾರ, ಅದರ ತಳ್ಳಾಟ ಎಲ್ಲ ತಡೆಯುವುದು ಆ ಪ್ಲೈವುಡ್ಡೇ. ಸ್ಕ್ರೂ ತೂತಿನಿಂದ ಹೋದ ನೀರನ್ನು ಮರದ ಎಳೆ ಬತ್ತಿಯ ಹಾಗೆ ಎಳೆದುಕೊಳ್ಳುತ್ತದೆ. ಹೋದದ್ದು ಹೊರಗೆ ಬರಲ್ಲ, ಎರಡೂ ಕಡೆ ಫೈಬರ್ ಮುಚ್ಚಿರುತ್ತದಲ್ಲ. ಮರದಲ್ಲಿ ತೇವ 20%ಗಿಂತ ಕಡಿಮೆ ಇದ್ದರೆ ಅದು ಕೊಳೆಯುವುದಿಲ್ಲ, ಅದಕ್ಕಿಂತ ಮೇಲೆ ಹೋಗಿ ಅಲ್ಲೇ ನಿಂತರೆ ಶಿಲೀಂಧ್ರಕ್ಕೆ ಹಬ್ಬ.

ಸೂಚನೆ ಕೊಡಲಿಲ್ಲ ಅಂತ ಬೋಟನ್ನು ದೂರುವಂತಿಲ್ಲ. ಒಂದು ತೂತಿನ ಕೆಳಗೆ ಕಂದು ಬಣ್ಣದ ಗೆರೆ ಇಳಿದಿತ್ತು. ಒರೆಸಿದೆ. ಮತ್ತೆ ಬಂತು, ಮತ್ತೆ ಒರೆಸಿದೆ. ಹೀಗೆ ಒರೆಸಿದ ಹೊತ್ತನ್ನೆಲ್ಲ ಕೂಡಿಸಿದರೆ ತೂತು ಮುಚ್ಚಲು ಬೇಕಾದ್ದಕ್ಕಿಂತ ಜಾಸ್ತಿಯೇ ಆಗಿರಬೇಕು. ಕೊನೆಗೆ ಒಂದು ದಿನ ಎಂಜಿನ್ನಿನ ಕೆಳತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ. ಎಂಜಿನ್ ಜೊತೆ ಟ್ರಾನ್ಸಮ್ಮೂ ಉಸಿರಾಡಿತು. ಸ್ಕ್ರೂಡ್ರೈವರ್ ಹಿಡಿಯಿಂದ ಅಂಚಿನಿಂದ ಬಡಿಯುತ್ತ ಬಂದೆ. ಟಕ್, ಟಕ್, ಟಕ್, ಆಮೇಲೆ ದೊಪ್. ಆ 'ದೊಪ್' ಕೇಳಿದ ಮೇಲೆ ಹೊಟ್ಟೆಯಲ್ಲಿ ಆಗುವ ಸಂಕಟ ಬೋಟ್ ಇಟ್ಟವರಿಗೇ ಗೊತ್ತು. ಅಲ್ಲೊಂದು ತೂತು ಕೊರೆದು ನೋಡಿದೆ. ಒಣ ಮರವಾದರೆ ಡ್ರಿಲ್ ಬಿಟ್‌ಗೆ ತಿಳಿ ಬಣ್ಣದ ಸುರುಳಿ ಬರಬೇಕು. ನನಗೆ ಬಂದಿದ್ದು ಕಪ್ಪು ಕೆಸರು, ಹಿಂದೆಯೇ ಡಿಕಾಕ್ಷನ್ ಬಣ್ಣದ ನೀರು, ಬಕೆಟ್ ಇಡುವಷ್ಟು ಹೊತ್ತು ಸುರಿಯಿತು.

ಆಗ ತಂದಿದ್ದು ಈ ಕಿಟ್.

ಡಬ್ಬದ ಮೇಲೆ ಒಂದು ಚಿತ್ರ ಇದೆ, ಸಿರಿಂಜ್‌ನಲ್ಲಿ ಕೊಳೆತ ಮರಕ್ಕೆ ಎಪಾಕ್ಸಿ ಚುಚ್ಚುವ ಚಿತ್ರ. ಇದೇ ನನ್ನ ದೊಡ್ಡ ತಕರಾರು. ಒದ್ದೆ ಮರದೊಳಗೆ ಎಪಾಕ್ಸಿ ಇಳಿಯುವುದಿಲ್ಲ, ನೀರು ಕೂತ ಜಾಗ ಬಿಟ್ಟುಕೊಡಬೇಕಲ್ಲ. ಇಳಿದ ಕಡೆಯೂ ಕೊಳೆತ ಪ್ಲೈವುಡ್‌ಗೆ ಹಳೆಯ ಶಕ್ತಿ ವಾಪಸ್ ಬರಲ್ಲ. ಕಿಟಕಿ ಚೌಕಟ್ಟಿನ ಮೂಲೆಗೆ ಪರವಾಗಿಲ್ಲ, ಎಂಜಿನ್ ತೂಗುವ ಜಾಗಕ್ಕೆ ಬೇಡವೇ ಬೇಡ. ಆ ಚಿತ್ರ ನಂಬಿ ನಾನೂ ಅರ್ಧ ಬಾಟಲಿ ಒಳಗೆ ತಳ್ಳಿದೆ. ಮೂರು ದಿನ ಬಿಟ್ಟು ಬಡಿದೆ. ದೊಪ್.

ಆಮೇಲೆ ಮಾಡಿದ್ದು ಸರಿಯಾದ ಕೆಲಸ. ಎಂಜಿನ್ ಇಳಿಸಿ, ಒಳಗಿನ ಫೈಬರ್ ಪದರ ಕತ್ತರಿಸಿ, ಒಣ ಮರ ಸಿಗುವವರೆಗೆ ಕೆತ್ತುತ್ತಾ ಹೋಗಬೇಕು. ಎರಡು ಗೇಣು ಇರಬಹುದು ಅಂದುಕೊಂಡಿದ್ದೆ, ಮುಕ್ಕಾಲು ಪಾಲು ಟ್ರಾನ್ಸಮ್ ಹೋಯಿತು. ಕೆಲವು ಕಡೆ ಉಳಿ ಬೇಕಾಗಲಿಲ್ಲ, ಕೈಯಲ್ಲೇ ಮುಷ್ಟಿ ಮುಷ್ಟಿ ಬಂತು. ಎಂಜಿನ್ ಬೋಲ್ಟ್‌ಗಳೂ ಒದ್ದೆ ಮರದೊಳಗೆ ಗಾಳಿ ಇಲ್ಲದೆ ಕೂತು ಸವೆದಿದ್ದವು. ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯಲ್ಲ ಅಂತ ನಂಬಿದ್ದೆ. ಅದರ ಮೈ ಕಾಯುವ ತೆಳು ಪೊರೆ ಉಳಿಯಲು ಆಮ್ಲಜನಕ ಬೇಕು, ಸಂದಿಯಲ್ಲಿ ಅದು ಸಿಗದಿದ್ದರೆ ತಿಂದು ಹಾಕುತ್ತದೆ. ಹೊರಗಿನ ತಲೆ ಫಳಫಳ, ಒಳಗೆ ಸೊಂಟ ಸಣ್ಣ. ಅಷ್ಟರಲ್ಲಿ ಚಿಕ್ಕ ಕಿಟ್ ಮುಗಿದು, ಇನ್ನೊಂದು ಮುಗಿದು, ದೊಡ್ಡ ಕ್ಯಾನ್ ತರಬೇಕಾಯಿತು. ಹೊಸ ಮರೈನ್ ಪ್ಲೈ, ಗ್ಲಾಸ್ ಬಟ್ಟೆ, ಬೋಲ್ಟ್, ಗ್ರೈಂಡರ್ ಡಿಸ್ಕ್, ಮಾಸ್ಕ್. ಹನ್ನೊಂದು ದಿನ ಹೋಯಿತು, ಮೈತುರಿಕೆ ಬೇರೆ. ನಾಲ್ಕು ತೂತಿಗೆ ಆವತ್ತೇ ಬೇಕಾಗಿದ್ದದ್ದು ಎರಡು ಚಮಚ ಎಪಾಕ್ಸಿ, ಅರ್ಧ ಗಂಟೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರು ಅಂತಾರಲ್ಲ, ನಾನು ಕೊಡಲಿ ಬೇಕಾಗುವ ತನಕ ಕಾದು ಕೂತಿದ್ದೆ.

ಇನ್ನು ಕಿಟ್ ವಿಷಯ. ರೆಸಿನ್ ನಿಜಕ್ಕೂ ಒಳ್ಳೆಯದು. ಮರಕ್ಕೆ, ಫೈಬರ್ ಬೋಟ್ ಕಟ್ಟಲು ಸಾಮಾನ್ಯವಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್‌ಗಿಂತ ಎಷ್ಟೋ ಗಟ್ಟಿಯಾಗಿ ಕಚ್ಚುತ್ತದೆ, ರಿಪೇರಿಗೆ ಅದೇ ಬೇಕು. ಪಂಪ್‌ಗಳು ನನಗೆ ತುಂಬಾ ಇಷ್ಟವಾದವು, ಆದರೆ ಅಲ್ಲೊಂದು ಗುಂಡಿ ಇದೆ. ಬಾಟಲಿ ಮೇಲೆ 5:1 ಅಂತ ಬರೆದಿದ್ದಾರೆ. ಅದನ್ನು ಓದಿ ರೆಸಿನ್ ಐದು ಸಲ, ಹಾರ್ಡ್‌ನರ್ ಒಂದು ಸಲ ಒತ್ತಿದರೆ ಕೆಟ್ಟಿತು. ಆ ಅಳತೆ ಪಂಪಿನೊಳಗೇ ಇದೆ, ಎರಡನ್ನೂ ಒಂದೊಂದು ಸಲ ಒತ್ತಬೇಕು. ಇದನ್ನು ಹೇಳುವ ಕಾಗದದ ಅಕ್ಷರ ಇರುವೆ ಗಾತ್ರದ್ದು. ನಾನು ಮೊದಲ ಸಲ ಐದು ಒತ್ತಿ, ಎರಡು ದಿನ ಬೆರಳಿಟ್ಟು ನೋಡಿದೆ, ಅಂಟಂಟು. ಎಲ್ಲ ಕೆರೆದು ಹೊಸದಾಗಿ ಮಾಡಿದೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕುವವರೂ ಇದ್ದಾರೆ, ಅದೂ ನಡೆಯಲ್ಲ. ಅಳತೆ ತಪ್ಪಿದರೆ ಎರಡೂ ಕಡೆ ನಷ್ಟ.

ಕಪ್ ತುಂಬಾ ಕಲಸಬೇಡಿ. ಕಲಸಿದಾಗ ಶಾಖ ಹುಟ್ಟುತ್ತದೆ, ಆಳವಾದ ಕಪ್‌ನಲ್ಲಿ ಆ ಶಾಖ ಹೊರಗೆ ಹೋಗಲು ದಾರಿ ಇಲ್ಲದೆ ಹೊಗೆಯೇ ಏಳುತ್ತದೆ. ನನ್ನದು ಎದ್ದಿತು, ಕೈಯಲ್ಲಿ ಹಿಡಿಯಲಾಗದೆ ಹೊರಗೆ ಇಟ್ಟು ಓಡಿದೆ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿಕೊಂಡರೆ ಕೆಲಸಕ್ಕೆ ಸಮಯ ಸಿಗುತ್ತದೆ.

ಪುಡಿ ಸಾಲುವುದಿಲ್ಲ. ಗ್ಲೌಸ್ ಹಾಕುವಾಗಲೇ ಹರಿಯುತ್ತದೆ, ಬೇರೆ ತಂದುಕೊಳ್ಳಿ, ಬರಿಗೈಗೆ ಎಪಾಕ್ಸಿ ತಾಗಿಸಿಕೊಂಡು ಅಲರ್ಜಿ ಶುರುವಾದರೆ ಆಮೇಲೆ ಅದು ಬಿಡಲ್ಲ. ಒಣಗಿದ ಮೇಲೆ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಏಳಬಹುದು, ಅದನ್ನು ನೀರು ಹಾಕಿ ಉಜ್ಜಿ ತೊಳೆದು ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಬೇಕು, ಇಲ್ಲದಿದ್ದರೆ ಮುಂದಿನ ಪದರ ಕಚ್ಚುವುದಿಲ್ಲ. ಇದನ್ನಂತೂ ಕಾಗದದಲ್ಲಿ ಎಲ್ಲೂ ಹೇಳಿಲ್ಲ. ಬಿಸಿಲು ಬೀಳುವ ಕಡೆ ಮೇಲೆ ಪೇಂಟ್ ಬೇಕೇ ಬೇಕು, ಬರಿ ಎಪಾಕ್ಸಿ ಬಿಸಿಲಿಗೆ ತಡೆಯಲ್ಲ.

ಮತ್ತೆ ಆ ಸಿಲಿಕಾನ್! ಅದರ ಅಂಟು ಉಳಿದ ಜಾಗಕ್ಕೆ ಪೇಂಟೂ ಕೂರಲ್ಲ, ಎಪಾಕ್ಸಿಯೂ ಕೂರಲ್ಲ. ಸುಮ್ನೆ ತಾತ್ಕಾಲಿಕ ಅಂತ ಮೆತ್ತಿದ್ದನ್ನು ತೆಗೆಯಲು ಸುತ್ತಲಿನ ಫೈಬರ್ ಉಜ್ಜಿ ಹಾಕಬೇಕಾಯಿತು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದ ಆ ಒಂದು ಸ್ಟಾರ್ ಸಿರಿಂಜ್ ಚಿತ್ರಕ್ಕೆ. ಹಳೆಯ ಸ್ಕ್ರೂ ತೂತು, ಸಡಿಲ ಹುಕ್, ಕಲ್ಲಿಗೆ ತಾಗಿ ಎದ್ದ ಚಿಪ್ಪು, ಇಂಥವಕ್ಕೆ ಈ ಕಿಟ್ ಸಾಕು, ಮಿಕ್ಕುತ್ತದೆ ಕೂಡ. ಬಡಿದಾಗ ಸದ್ದು ಆಗಲೇ ಬದಲಾಗಿದ್ದರೆ ಚಿಕ್ಕ ಕಿಟ್‌ಗೆ ದುಡ್ಡು ಹಾಕಬೇಡಿ, ನೇರವಾಗಿ ದೊಡ್ಡ ಕ್ಯಾನ್ ತನ್ನಿ, ಇಲ್ಲವೇ ಕೆಲಸ ಗೊತ್ತಿರುವವರ ಕೈಗೆ ಬೋಟ್ ಕೊಡಿ.

ಕ್ಯಾನಿನ ತಳದಲ್ಲಿ ಸ್ವಲ್ಪ ಉಳಿದಿತ್ತು. ಹಗ್ಗ ಕಟ್ಟುವ ಕ್ಲೀಟ್‌ನ ಬೋಲ್ಟ್ ಬಿಚ್ಚಿ, ತೂತು ಸ್ವಲ್ಪ ದೊಡ್ಡದು ಮಾಡಿ, ಪುಡಿ ಸೇರಿಸಿದ ಎಪಾಕ್ಸಿ ತುಂಬಿ, ಮಾರನೆಯ ದಿನ ಅದರ ಮಧ್ಯದಲ್ಲೇ ಹೊಸ ತೂತು ಕೊರೆದು ಬೋಲ್ಟ್ ಕೂರಿಸಿದೆ. ಈಗ ಬೋಲ್ಟ್ ಪಕ್ಕದಿಂದ ನೀರು ಇಳಿದರೂ ಮರ ಮುಟ್ಟುವುದಿಲ್ಲ. ಮೊದಲು ತೂತು ದೊಡ್ಡದು ಮಾಡುವಾಗ ಬಿಟ್‌ಗೆ ಬಂದದ್ದು ತಿಳಿ ಬಣ್ಣದ ಒಣ ಸುರುಳಿ, ಒಂದನ್ನು ಎತ್ತಿಟ್ಟುಕೊಂಡಿದ್ದೇನೆ.