ಪರಮಾಣು ಆಟದ ಬಾಕ್ಸು, ಅರ್ಧ ನ್ಯೂಟ್ರಾನ್ ಸಮೇತ
ಆನ್‌ಲೈನಲ್ಲಿ 649 ರೂಪಾಯಿ ಕೊಟ್ಟು ತರಿಸಿದ್ದು, ಕಂಪೆನಿ ಹೆಸರು ಬೇಡ ಬಿಡಿ. ನಾನು ಕುಂಬಳೆ ಹತ್ತಿರ ಕನ್ನಡ ಮೀಡಿಯಂ ಒಂಬತ್ತಕ್ಕೆ ಕೆಮಿಸ್ಟ್ರಿ ಹೇಳಿಕೊಡುವುದು. ಓಣಂ ಪರೀಕ್ಷೆ ಮೊದಲು ಪರಮಾಣು ರಚನೆ ಒಮ್ಮೆ ರಿವಿಜನ್ ಮಾಡಿಸ್ಬೇಕಿತ್ತು, ಬೋರ್ಡಲ್ಲಿ ಮತ್ತೆ ಅದೇ ವೃತ್ತ ಬಿಡಿಸಿದ್ರೆ ಹಿಂದಿನ ಬೆಂಚು ನಿದ್ದೆ ಹೊಡೀತದೆ, ಅದಕ್ಕೆ ಧೈರ್ಯ ಮಾಡಿದೆ.

ಒಳಗೆ ನಾಲ್ಕು ಬೋರ್ಡು, ಹೈಡ್ರೋಜನಿಂದ ಕ್ಯಾಲ್ಸಿಯಂವರೆಗೆ 20 ಕಾರ್ಡು, ಮೂರು ಬಣ್ಣದ ಮಣಿ, ಒಂದೊಂದು ಬಣ್ಣದ್ದು 40. ಸೋಡಿಯಂ ಕಾರ್ಡು ಬಂತು ಅಂತಿಟ್ಕೊಳ್ಳಿ, ಅಟಾಮಿಕ್ ನಂಬರ್ (ಪ್ರೋಟಾನ್ ಲೆಕ್ಕ) 11, ಮಾಸ್ ನಂಬರ್ (ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿ) 23. ನಡುವಿನ ಗುಂಡಿಗೆ 11 ಪ್ರೋಟಾನ್, 23ರಲ್ಲಿ 11 ಕಳೆದು 12 ನ್ಯೂಟ್ರಾನ್, ಹೊರಗಿನ ಶೆಲ್ಲುಗಳಲ್ಲಿ, ಅಂದ್ರೆ ಸುತ್ತಿನ ವೃತ್ತಗಳಲ್ಲಿ, ಎಲೆಕ್ಟ್ರಾನ್ 2, 8, 1. ಮೊದಲು ಮುಗಿಸಿದ ಗುಂಪಿಗೆ ಪಾಯಿಂಟು. ಉತ್ತರ ಕಾರ್ಡಿನ ಹಿಂದೆ ಉಂಟು.

ಮೂರನೇ ಶೆಲ್ಲಿಗೆ 18 ತೂತು ಮಾಡಿದ್ದು ಒಳ್ಳೇದಾಯ್ತು, ಪೊಟ್ಯಾಸಿಯಂ ಬಂದ ಗುಂಪಿನವರೆಲ್ಲ ಸೇರಿ 2, 8, 9 ಇಟ್ರು. ಅಲ್ಲ, 2, 8, 8, 1 ಅಂದ್ರೆ ಒಬ್ಬ, "ಸೀಟು ಖಾಲಿ ಇರುವಾಗ ಹಿಂದೆ ಬರುವ ಬಸ್ಸಿಗೆ ಯಾಕೆ ಕಾಯೋದು ಟೀಚರೇ?" ಕೊನೆಯ ಶೆಲ್ಲಲ್ಲಿ ಎಂಟಕ್ಕಿಂತ ಜಾಸ್ತಿ ಕೂರುವ ಹಾಗಿಲ್ಲ ಅಂತ ಹೇಳಿ ತಪ್ಪಿಸಿಕೊಂಡೆ, ನಾಲ್ಕನೇ ಶೆಲ್ಲಿನ 4ಎಸ್ ಎಂಬ ಒಳಭಾಗ ಮೂರನೆಯದರ 3ಡಿಗಿಂತ ಮೊದಲು ತುಂಬುವ ಕಥೆ ಸಬ್‌ಶೆಲ್ ಕಲಿಯುವಾಗ ಹೇಳಿದ್ರಾಯ್ತು.

ಕ್ಲೋರಿನ್ ಕಾರ್ಡು ಮಾತ್ರ ದೊಡ್ಡ ಎಡವಟ್ಟು ಮಾರಾಯ್ರೆ. ಮಾಸ್ ನಂಬರ್ ಅಂತ 35.5 ಹಾಕಿದ್ದಾರೆ, ಹಿಂದೆ ತಿರುಗಿಸಿದ್ರೆ ನ್ಯೂಟ್ರಾನ್ 18.5! ಮುಂದಿನ ಬೆಂಚಿನವಳು ಮಣಿ ಹಿಡ್ಕೊಂಡು, "ಇದನ್ನು ಕಚ್ಚಿ ತುಂಡು ಮಾಡ್ಬೇಕಾ ಟೀಚರೇ?" ಕ್ಲಾಸು ಬಿದ್ದು ಬಿದ್ದು ನಕ್ಕಿತು, ನನಗೆ ಮಾತ್ರ ಕೊಟ್ಟ ದುಡ್ಡು ನೆನಪಾಯ್ತು. ಮಾಸ್ ನಂಬರ್ ಅಂದ್ರೆ ಎಣಿಸಿದ ಲೆಕ್ಕ, ಅದರಲ್ಲಿ ಪಾಯಿಂಟ್ ಐದು ಬರೋದು ಹೇಗೆ? 35.5 ಅಂದ್ರೆ ಬೇರೆ ಬೇರೆ ಕ್ಲೋರಿನ್ ಪರಮಾಣುಗಳ ಸರಾಸರಿ.

ಮರುದಿನ ನಾಲ್ಕೂ ಬೋರ್ಡಲ್ಲಿ ಕ್ಲೋರಿನ್ನೇ ಮಾಡಿಸಿದೆ. ಪ್ರಕೃತಿಯಲ್ಲಿ ಹೆಚ್ಚುಕಮ್ಮಿ ಮೂರು ಕ್ಲೋರಿನ್-35ಕ್ಕೆ ಒಂದು ಕ್ಲೋರಿನ್-37 ಅಲ್ವಾ, ಹಾಗೆ ಮೂರು ಬೋರ್ಡಿಗೆ 18 ನ್ಯೂಟ್ರಾನ್, ಒಂದಕ್ಕೆ 20. ಒಟ್ಟು 74 ಬೇಕು, ಬಾಕ್ಸಲ್ಲಿ ಇರೋದೇ 40! ಆಟಿ, ಅಂದ್ರೆ ಮಳೆಗಾಲದ ತುಳು ತಿಂಗಳಾದ ಕಾರಣ ಮನೆಯಲ್ಲಿ ಚೆನ್ನೆಮಣೆ (ಗುಳಿಗೆ ಬೀಜ ಹಾಕಿ ಆಡುವ ಮಣೆ) ಅಟ್ಟದಿಂದ ಇಳಿದಿತ್ತು, ಅದರ 56 ಮಂಜೊಟ್ಟಿ ಬೀಜವನ್ನೂ ಕಟ್ಟಿಕೊಂಡು ಹೋಗಿದ್ದೆ, ಬಚಾವ್. ಪ್ರೋಟಾನ್ ಎಲ್ಲದಕ್ಕೂ 17, ಅದನ್ನು ಇಡ್ಲಿಕ್ಕೆ ಹೋಗ್ಲಿಲ್ಲ. 35 ಮೂರು ಸಲ, 37 ಒಂದು ಸಲ, 142, ನಾಲ್ಕರಿಂದ ಭಾಗಿಸಿ ಅಂದೆ. ಮೂಲೆಯಿಂದ "ಓ..." ಅಂತ ಬಂತಲ್ಲ, ಐಸೊಟೋಪ್ (ಧಾತು ಒಂದೇ, ನ್ಯೂಟ್ರಾನ್ ಲೆಕ್ಕ ಬೇರೆ) ಪಾಠ ಮಾಡಿದ ದಿನ ಆ ಸ್ವರ ಕೇಳಿರ್ಲಿಲ್ಲ.

ಫೋಟೋ ಕಳಿಸಿ ಕಂಪ್ಲೇಂಟ್ ಮಾಡಿದ್ದಕ್ಕೆ 50 ರೂಪಾಯಿ ಕೂಪನ್ ಬಂತು, ಸರಿಯಾದ ಕಾರ್ಡು ಬರಲಿಲ್ಲ. ನಿಯಮದ ಹಾಳೆ ಇಂಗ್ಲಿಷ್, ಹಿಂದಿ ಮಾತ್ರ, ಕನ್ನಡದ್ದು ನಾನೇ ಬರೆದು ಅಂಟಿಸಿದೆ.

ಪಾಠ ಆಗದವರಿಗೆ ಇದು ಕೊಟ್ರೆ ಬರೀ ಮಣಿ ಆಟ, ಪಾಠ ಆದವರ ರಿವಿಜನ್‌ಗೆ ಅಡ್ಡಿಯಿಲ್ಲ. ಐದರಲ್ಲಿ ಮೂರು ಸ್ಟಾರ್. ತಗೊಳ್ಳುವವರು ಕ್ಲಾಸಿಗೆ ಒಯ್ಯುವ ಮೊದಲು 20 ಕಾರ್ಡಿನ ಹಿಂದೆಯೂ ಒಮ್ಮೆ ನೋಡಿ, ಮಣಿ ಸಾಕಾಗುವುದಿಲ್ಲ, ಮಂಜೊಟ್ಟಿ ಇಲ್ಲದಿದ್ರೆ ಹುಣಸೆಬೀಜ ಆದ್ರೂ ಆದೀತು.