ಹಳೇ ಮನೆಯಲ್ಲಿ ತಂಗೋಕೆ ಫೋರ್ಟ್ ಕೊಚ್ಚಿಯೋ, ಪುದುಚೇರಿಯೋ?

ಕೋಲಾರದ ಕಡೆಯವರಿಗೆ ಎರಡೂ ಅಷ್ಟೇನೂ ದೂರವಲ್ಲ. ಬಂಗಾರಪೇಟೆಯಲ್ಲಿ ರಾತ್ರಿ ಐಲ್ಯಾಂಡ್ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಬೆಳಿಗ್ಗೆ ಕೊಚ್ಚಿಯ ಎರ್ನಾಕುಲಂ. ಕಾರಿದ್ದರೆ ಕೃಷ್ಣಗಿರಿ, ತಿರುವಣ್ಣಾಮಲೈ ದಾಟಿ ಪುದುಚೇರಿ. ಎರಡೂ ಬಂದರು ಊರುಗಳೇ. ಎರಡು ಕಡೆಯೂ ಹಳೇ ಕಾಲದ ಮನೆಗಳನ್ನು ರಿಪೇರಿ ಮಾಡಿ ಬಾಡಿಗೆಗೆ ಕೊಡುತ್ತಾರೆ. ಮನೆಯವರ ಜೊತೆ ಎರಡರಲ್ಲೂ ಉಳಿದು ಬಂದಿದ್ದೇನೆ. ಒಂದೇ ಕಡೆ ಹೋಗೋಕಾಗುವುದು ಅಂದರೆ ಕೊಚ್ಚಿಗೆ ಹೋಗಿ ಅನ್ನುತ್ತೇನೆ.

ಬರೀ ಮನೆ ನೋಡಿದರೆ ಪುದುಚೇರಿಯದ್ದೇ ಚೆಂದ. ನಾವಿದ್ದದ್ದು ಫ್ರೆಂಚರ ವೈಟ್ ಟೌನ್‌ನಲ್ಲಿ. ಹೊರಗೆ ಎತ್ತರದ ಹಳದಿ ಗೋಡೆ, ಒಳಗೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಕಂಬದ ಪಡಸಾಲೆ. ತಲೆ ಎತ್ತಿದರೆ ಮರದ ತೊಲೆಗಳು, ಅವುಗಳ ಮೇಲೆ ಓರೆಯಾಗಿ ಜೋಡಿಸಿದ ಸಣ್ಣ ಇಟ್ಟಿಗೆ ಮತ್ತು ಗಾರೆ. ಕೆಜಿಎಫ್‌ನಲ್ಲಿ ಬ್ರಿಟಿಷರ ಬಂಗಲೆ ನೋಡಿದವರಿಗೆ ಎತ್ತರದ ಮಾಳಿಗೆ ಹೊಸದಲ್ಲ. ಆದರೆ ಆ ಅಂಗಳದ ತಂಪು ಬೇರೆಯೇ. ಮಧ್ಯಾಹ್ನಕ್ಕೂ ಫ್ಯಾನ್ ಸಾಕಾಯಿತು.

ಸಮುದ್ರದ ವಿಷಯದಲ್ಲಿ ಮಾತ್ರ ನಿರಾಸೆ. ದಡದ ಉದ್ದಕ್ಕೂ ಕಪ್ಪು ಬಂಡೆಗಳು. 1980ರ ದಶಕದಲ್ಲಿ ಬಂದರಿಗೆ ತಡೆಗೋಡೆ ಕಟ್ಟಿದ ಮೇಲೆ ಉತ್ತರಕ್ಕೆ ಸಾಗುತ್ತಿದ್ದ ಮರಳು ಅಲ್ಲೇ ನಿಂತುಬಿಟ್ಟಿತು, ಊರಿನ ಮುಂದಿನ ದಡ ಕೊರೆದುಹೋಯಿತು. ಈಚೆಗೆ ಒಂದಿಷ್ಟು ಮರಳು ಮರಳಿ ಬಂದಿದೆ. ಸಂಜೆ ಬೀಚ್ ರಸ್ತೆಗೆ ಗಾಡಿ ಬಿಡುವುದಿಲ್ಲ, ಅಮ್ಮ ಆರಾಮಾಗಿ ನಡೆದರು. ವಯಸ್ಸಾದವರ ಜೊತೆ ಹೋಗುವವರಿಗೆ ಇದು ದೊಡ್ಡ ಅನುಕೂಲ.

ಕೊಚ್ಚಿಯ ಕೋಣೆಯಲ್ಲಿ ತೊಂದರೆ ಜಾಸ್ತಿಯೇ ಇತ್ತು. ಮರದ ನೆಲ, ಮೇಲಿನವರು ಕಾಲಿಟ್ಟರೆ ಕಿರ್ ಅನ್ನುತ್ತಿತ್ತು. ಒಗೆದ ಬಟ್ಟೆ ಒಣಗಲೇ ಇಲ್ಲ. ಕೋಲಾರದ ಒಣ ಗಾಳಿಯಲ್ಲಿ ಇದ್ದವರಿಗೆ ಆ ತೇವ ಹಿಂಸೆ ಅನ್ನಿಸುತ್ತದೆ.

ಆದರೆ ಬಾಗಿಲು ದಾಟಿದರೆ ಬಂದರು! ಕಡಲಿನಿಂದ ಒಳಗೆ ಬರುವ ಹಡಗಿನ ದಾರಿ ಊರಿನ ಪಕ್ಕದಲ್ಲೇ ಇದೆ. ಚೀನಾ ಬಲೆಗಳ ಹತ್ತಿರ ನಿಂತರೆ, ಅವುಗಳ ಹಿಂದೆಯೇ ಕಂಟೇನರ್ ಹಡಗು ನಿಧಾನವಾಗಿ ಸಾಗುತ್ತದೆ. ಆ ಬಲೆ ನಮ್ಮ ಬಾವಿಯ ಏತದ ಹಾಗೆಯೇ. ಉದ್ದದ ಮರದ ಒಂದು ತುದಿಗೆ ಬಲೆ, ಇನ್ನೊಂದು ಕಡೆ ಹಗ್ಗಕ್ಕೆ ಕಟ್ಟಿದ ದಪ್ಪ ಕಲ್ಲುಗಳು. ನಾಲ್ಕೈದು ಜನ ಹಗ್ಗ ಜಗ್ಗುತ್ತಾರೆ, ಕಲ್ಲುಗಳು ಒಂದೊಂದಾಗಿ ಇಳಿಯುತ್ತವೆ, ಬಲೆ ನೀರು ಸುರಿಸುತ್ತಾ ಮೇಲೇಳುತ್ತದೆ. ತಮ್ಮನ ಮಗನನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ನೋಡುವುದೆಲ್ಲ ಹತ್ತಿರದಲ್ಲೇ ಇದೆ. ವಾಸ್ಕೋ ಡ ಗಾಮನನ್ನು 1524ರಲ್ಲಿ ಹೂಳಿದ್ದ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ನಡೆದೇ ಹೋಗಬಹುದು. ಮಟ್ಟಂಚೇರಿಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, 1568ರದ್ದು, ಅಲ್ಲಿಗೆ ಆಟೋ ಸಾಕು. ಎರ್ನಾಕುಲಂಗೆ ದೋಣಿಯಲ್ಲೇ ಹೋಗಿ, ಟಿಕೆಟ್ ಕೆಲವೇ ರೂಪಾಯಿ.

ಊಟಕ್ಕೂ ನನ್ನ ಓಟು ಕೊಚ್ಚಿಗೇ. ಅಪ್ಪಂ ಜೊತೆ ಮೀನಿನ ಮೊಯಿಲಿ (ತೆಂಗಿನ ಹಾಲಿನ ಸಾರು) ತಿನ್ನದೆ ಬರಬೇಡಿ. ಸಸ್ಯಾಹಾರಿಗಳಿಗೆ ಪುದುಚೇರಿಯೇ ಸುಲಭ, ನಮ್ಮ ಕಡೆಯವರಿಗೆ ತಮಿಳೂ ಬರುತ್ತದೆ ಅಲ್ವಾ.

ಕೊಚ್ಚಿಗೆ ಜೂನ್, ಜುಲೈ ಬೇಡ, ಪುದುಚೇರಿಗೆ ನವೆಂಬರ್ ಬೇಡ, ಮಳೆ ಬಿಡುವುದಿಲ್ಲ. ಬುಕ್ ಮಾಡುವಾಗ ಫೋನ್ ಮಾಡಿ ಕೇಳಿ: ಪುದುಚೇರಿಯಲ್ಲಿ ಅಂಗಳದ ಕಡೆ ಬಾಗಿಲಿರುವ ಕೋಣೆ, ಕೊಚ್ಚಿಯಲ್ಲಿ ಮೇಲಿನ ಮಹಡಿಯದ್ದು.