ಮೈಸೂರಿನ ಮೈಲಾರಿ: ಮರೆವಿನ ಕಾಯಿಲೆ ಇರುವ ಹಿರಿಯರನ್ನು ಕರೆದುಕೊಂಡು ಹೋಗಬಹುದಾ?

ಖಂಡಿತ ಹೋಗಬಹುದು. ನಜರ್‌ಬಾದಿನ ವಿನಾಯಕ ಮೈಲಾರಿ 1938ರಿಂದ ಇರುವ ಹೋಟೆಲ್ಲು. ಹತ್ತಿಯಂತೆ ಮೆತ್ತಗಿನ ದೋಸೆ, ಮೇಲೆ ಬೆಣ್ಣೆ, ಜೊತೆಗೆ ಸಾಗು, ಕಾಯಿ ಚಟ್ನಿ. ರುಚಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೇರೆ ವಿಷಯ ಹೇಳಬೇಕು.

ನಾವು ಬೆಂಗಳೂರಿನಿಂದ ಊಟಿಗೆ ಕಾರಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ಮೈಸೂರು, ಅಲ್ಲಿ ಅಕ್ಕನ ಮನೆಯಲ್ಲಿ ಅಪ್ಪ. ಅಪ್ಪನಿಗೆ ಡಿಮೆನ್ಷಿಯಾ. ನನ್ನನ್ನು ಒಮ್ಮೊಮ್ಮೆ ತಮ್ಮ ಅಂದುಕೊಂಡು ಚಿಕ್ಕಪ್ಪನ ಹೆಸರು ಹಿಡಿದು ಕರೆಯುತ್ತಾರೆ, ನಾನು ತಿದ್ದುವುದಿಲ್ಲ, ಓಗೊಡುತ್ತೇನೆ. ಹಿಂದೊಮ್ಮೆ ಅವರನ್ನು ಹೈವೇ ಪಕ್ಕದ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆವು. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನೋಡುವ ಮೆನು, ಜೋರು ಹಾಡು, ಎದುರಿಗೆ ಟಿವಿ. "ಏನ್ ತಗೋತೀರಾ ಸರ್" ಅಂತ ಕೇಳಿ, ದೋಸೆ ಅಂದರೆ ಯಾವ ದೋಸೆ ಅಂತ ಮತ್ತೆ ಇಷ್ಟುದ್ದ ಪಟ್ಟಿ ಹೇಳಿದರು. ಅಪ್ಪ ಗಾಬರಿಯಾಗಿ ಎದ್ದು ಹೊರಗೆ ಹೊರಟರು.

ಮೈಲಾರಿಯಲ್ಲಿ ಆರಿಸುವ ಗೋಜು ಹೆಚ್ಚಿಲ್ಲ. ದೋಸೆ ಅಂದರೆ ದೋಸೆ ಬರುತ್ತದೆ, ಆಮೇಲೆ ಕಾಫಿ. ಈ ಕಾಯಿಲೆಯಲ್ಲಿ ತಿನ್ನುವುದಕ್ಕಿಂತ ನಿರ್ಧಾರ ಮಾಡುವುದೇ ಕಷ್ಟ, ಅದು ಜೊತೆಗಿರುವವರಿಗೆ ಮಾತ್ರ ಗೊತ್ತು. ಇನ್ನೊಂದು ವಿಷಯ, ದೋಸೆಯನ್ನು ಬಾಳೆ ಎಲೆ ಮೇಲೆ ಕೊಡುತ್ತಾರೆ. ಬಿಳಿ ತಟ್ಟೆಯಲ್ಲಿ ಬಿಳಿ ಇಡ್ಲಿ ಇಟ್ಟರೆ ಅಪ್ಪನಿಗೆ ಅದು ಸರಿಯಾಗಿ ಕಾಣುವುದಿಲ್ಲ, ಕೈ ತಡವರಿಸುತ್ತದೆ. ಹಸಿರು ಎಲೆ ಮೇಲೆ ದೋಸೆ ಎಲ್ಲಿದೆ ಅಂತ ಅವರಿಗೆ ಸ್ಪಷ್ಟ. ಯಾರೂ ಮುರಿದು ಕೊಡಲಿಲ್ಲ, ತಾವೇ ತಿಂದರು, ಮೆತ್ತಗಿರುವುದರಿಂದ ಅಗಿಯುವ ತೊಂದರೆಯೂ ಇಲ್ಲ. ಹಳೆಯದೇನಾದರೂ ನೆನಪಾಯಿತಾ ಅಂತ ಅಕ್ಕ ಕೇಳಿದಳು. ಇಲ್ಲ, ಏನೂ ನೆನಪಾಗಲಿಲ್ಲ. ಆದರೆ ನೆಮ್ಮದಿಯಾಗಿ ಕೂತು ತಿಂದರು, ಇನ್ನೊಂದು ಬೇಕು ಅಂದರು. ನನಗೆ ಅಷ್ಟು ಸಾಕಾಯಿತು.

ಅಪ್ಪ ಮೇಷ್ಟ್ರಾಗಿದ್ದವರು, ಸಾಲ ಇಟ್ಟುಕೊಂಡವರಲ್ಲ. ಹಾಗಾಗಿ "ದುಡ್ಡು ಕೊಟ್ಟಾಯ್ತೇನೋ?" ಅಂತ ಮತ್ತೆ ಮತ್ತೆ ಕೇಳುತ್ತಲೇ ಇದ್ದರು. ಇದಕ್ಕೆ ಅಕ್ಕ ಕಂಡುಕೊಂಡ ಉಪಾಯ ಚೆನ್ನಾಗಿದೆ. ಅವರ ಕೈಗೇ ನೋಟು ಕೊಟ್ಟು ಅವರಿಂದಲೇ ಬಿಲ್ ಕಟ್ಟಿಸಿ, ಉಳಿದ ಚಿಲ್ಲರೆಯನ್ನು ಅವರ ಜೇಬಿಗೇ ಹಾಕುವುದು. ಮತ್ತೆ ಅನುಮಾನ ಬಂದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ಜಾಗ ಚಿಕ್ಕದು, ಅದು ನೆನಪಿರಲಿ. ಶನಿವಾರ, ಭಾನುವಾರ ಹೊರಗೆ ಕಾಯಬೇಕಾಗುತ್ತದೆ, ಗುರುತಿಲ್ಲದವರ ಜೊತೆ ಒಂದೇ ಟೇಬಲ್ಲಿನಲ್ಲಿ ಕೂರಬೇಕಾಗಬಹುದು. ವಾರದ ದಿನ, ತಿಂಡಿಯ ರಶ್ ಮುಗಿದ ಮೇಲೆ ಹೋಗಿ. ಗೋಡೆ ಕಡೆ ಕೂರಿಸಿ. ಸಂಜೆಗೆ ಮಾತ್ರ ಬೇಡ. ಈ ಕಾಯಿಲೆ ಇರುವ ಬಹಳ ಜನರಿಗೆ ಹೊತ್ತು ಮುಳುಗುತ್ತಾ ಕಳವಳ ಜಾಸ್ತಿಯಾಗುತ್ತದೆ, ಅಪ್ಪನಿಗೂ ಹಾಗೇ.

ಊಟಿಗೆ ಹೋಗುವವರು ಬಂಡೀಪುರ ದಾಟುವ ಅವಸರದಲ್ಲಿ ಮೈಸೂರನ್ನು ರಿಂಗ್ ರೋಡಿನಲ್ಲೇ ಮುಗಿಸಿಬಿಡುತ್ತಾರೆ. ಕಾಡಿನ ರಸ್ತೆ ಮುಚ್ಚುವುದು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ. ನಾವು ಮಧ್ಯಾಹ್ನದ ತನಕ ಅಪ್ಪನ ಜೊತೆ ಇದ್ದು ಹೊರಟರೂ ಬೆಳಕಿರುವಾಗಲೇ ಗೇಟು ದಾಟಿದೆವು.